ಮೊಳೆ ಹೊಡೆಯಬಾರದ ಗೋಡೆಗಳು

ಮಸ್ಕತ್ತಿನಲ್ಲಿ ನನ್ನ ಕೆಲಸ, ಕಟ್ಟಿದ ಗೋಡೆ ನೆಟ್ಟಗಿದೆಯೇ ಎಂದು ನೋಡುವುದು. ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತೇನೆ. ಬೆರಳಷ್ಟು ವಾಲಿದ್ದರೂ ಒಡೆಸುತ್ತೇನೆ. ಹಾಗಾಗಿ ಮಗಳು ಓದುತ್ತಿದ್ದ ವಿಶ್ವವಿದ್ಯಾಲಯದ ಹೊಸ ಕಲಾಕೇಂದ್ರದೊಳಗೆ ಕಾಲಿಟ್ಟ ಕೂಡಲೇ ನನ್ನ ಕೈ ಜೇಬಿನಲ್ಲಿ ಗುಂಡಿನ ದಾರ ಹುಡುಕಿತು.

ಕಟ್ಟಡ ಮರಳುದಿಬ್ಬದ ಹಾಗೆ ಕಾಣಬೇಕಂತೆ. ಹೊರಗಿನಿಂದ ಕಾಣಲಿ, ಬೇಡವೆಂದವರು ಯಾರು? ಒಳಗೂ ಒಂದೊಂದು ಗೋಡೆ ತಲೆಯ ಮೇಲೆ ಬೀಳುವಂತೆ ಬಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೊಂದೇ ನೆಟ್ಟಗಿದ್ದದ್ದು.

ಮರುದಿನ ಉದ್ಘಾಟನೆ. ಮಗಳ ಮೊದಲ ಪ್ರದರ್ಶನವೂ ಅಂದೇ. ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸಂಡಿಗೆ ಒಣಗಿಸುವ ಹೆಂಗಸರನ್ನು ಅವಳು ವರ್ಷವಿಡೀ ಕೂತು ಬರೆದಿದ್ದಳು. ಆ ದೊಡ್ಡ ಚಿತ್ರವನ್ನು ಕಾರಿನ ಮೇಲೆ ಕಟ್ಟಿ ತಂದಿದ್ದೆವು.

ಕೇಂದ್ರದ ಉಸ್ತುವಾರಿ ನೋಡುವವನು ಬೆಂಗಳೂರಿನವನು. "ಸಾರ್, ಈ ಗೋಡೆಗಳಿಗೆ ಮೊಳೆ ಹೊಡೀಬಾರ್ದು, ಆರ್ಕಿಟೆಕ್ಟ್ ಒಪ್ಪಲ್ಲ," ಎಂದ.

"ಹಾಗಾದ್ರೆ ಸ್ಟ್ಯಾಂಡಿನ ಮೇಲೆ ಇಡುವ."

"ಸ್ಟ್ಯಾಂಡ್ ಇಟ್ರೆ ಬಿಲ್ಡಿಂಗ್ ಫೋಟೋ ಕೆಟ್ಟೋಗುತ್ತೆ ಸಾರ್."

ಚಿತ್ರಕ್ಕೆಂದೇ ಕಟ್ಟಿದ ಮನೆಯಲ್ಲಿ ಚಿತ್ರವೇ ಅಡ್ಡ! ಕೊನೆಗೆ ಅವನೇ ಮೊಳೆ ಹೊಡೆಯಬಹುದಾದ, ನೆಟ್ಟಗಿದ್ದ ಒಂದೇ ಒಂದು ಗೋಡೆ ತೋರಿಸಿದ. ಅದು ಶೌಚಾಲಯದ ಬಾಗಿಲ ಪಕ್ಕದಲ್ಲಿತ್ತು. ಫಿನೈಲ್ ವಾಸನೆ ಮೂಗಿಗೆ ಬಡಿಯುತ್ತಿತ್ತು.

"ಎಂತ ಮಾರ್ರೆ ಇದು, ಇಷ್ಟು ದೊಡ್ಡ ಬಿಲ್ಡಿಂಗಲ್ಲಿ ನಮ್ಮ ಹುಡುಗಿಗೆ ಬೇರೆ ಗೋಡೆ ಇಲ್ವಾ?" ಎಂದು ಹೆಂಡತಿ ನನ್ನ ಮೇಲೆಯೇ ಹರಿಹಾಯ್ದಳು.

"ಇಟ್ಸ್ ಓಕೆ ಅಮ್ಮ. ಪಪ್ಪಾ, ಯಲ್ಲಾ, ಬನ್ನಿ ಬೇಗ, ಆ ಕಡೆ ಹಿಡೀರಿ," ಎಂದಳು ಮಗಳು. ಹಿಡಿದೆ. ಆ ಕಟ್ಟಡದ ಮೇಲೆ ನನಗೆ ಹುಟ್ಟಿದ ಹೇಸಿಗೆ ಇಂದಿಗೂ ಹೋಗಿಲ್ಲ.

ಮರುದಿನ ಸಂಜೆ ಅತಿಥಿಗಳು ಕತ್ತೆತ್ತಿ ಗೋಡೆ ನೋಡಿದರು, ಗೋಡೆಯ ಫೋಟೋ ತೆಗೆದರು, ಗೋಡೆಯನ್ನೇ ಹೊಗಳಿದರು. ಮಗಳು ಹೊಸ ಸೀರೆಯುಟ್ಟು ತನ್ನ ಚಿತ್ರದ ಪಕ್ಕ ಕಾದು ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಒಬ್ಬ ಹೆಂಗಸು ಅತ್ತ ನಡೆದು ಬಂದಳು. ಮಗಳು ಸೆರಗು ಸರಿಮಾಡಿಕೊಂಡಳು.

"ಲೇಡೀಸ್ ಇದೇನಾ?" ಎಂದು ಕೇಳಿದ ಆಕೆ ಬಾಗಿಲನ್ನು ಎಳೆದಳು. ಅದು ಚಿತ್ರಕ್ಕೆ ಬಡಿಯದಂತೆ ಮಗಳು ತಟ್ಟನೆ ಬಾಗಿಲು ಹಿಡಿದು ನಿಂತಳು. ಆಕೆ ಮಗಳ ಕಡೆ ನೋಡದೆ "ಥ್ಯಾಂಕ್ಯೂ" ಎಂದು, ತನ್ನ ಕೈಯಲ್ಲಿದ್ದ ಖಾಲಿ ಲೋಟವನ್ನು ಅವಳ ಕೈಗಿತ್ತು ಒಳಗೆ ಹೋದಳು.