ಸೊಸೆಯ ಸ್ಲೈಡ್

ಕೋವಿಡ್ ತಣ್ಣಗಾದ ಮರುವರ್ಷ ನಾನು ಆದೋನಿಯ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆಗಿದ್ದೆ. ಅಂಡಾಶಯದ ಕ್ಯಾನ್ಸರ್ ವಂಶದಲ್ಲಿರುವ ಹೆಂಗಸರ ಅಂಗಾಂಶಗಳಲ್ಲಿ ಪ್ರೋಟೀನುಗಳು ಹೇಗೆ ಬದಲಾಗುತ್ತವೆ ಎಂಬ ಅಧ್ಯಯನ ಅಲ್ಲಿ ನಡೆದಿತ್ತು. ಹೋಲಿಕೆಗೆ, ವಂಶದ ಭಯವಿಲ್ಲದೆ ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡವರ ಅಂಗಾಂಶವನ್ನೂ ಒಪ್ಪಿಗೆ ಪಡೆದು ಇಡುತ್ತಿದ್ದೆವು. ಅಂಗಾಂಶದ ತೆಳು ಪದರ ಅಂಟಿಸಿದ ಗಾಜಿನ ಸ್ಲೈಡಿನ ಮೇಲೆ ಬರೀ ಸಂಖ್ಯೆ. ಯಾರದೆಂದು ನೋಡುವವರಿಗೆ ತಿಳಿಯಬಾರದು.

ಒಂದು ಮಧ್ಯಾಹ್ನ ಒಂದು ಸ್ಲೈಡಿನಲ್ಲಿ, ಗರ್ಭನಾಳದ ಅಂಡಾಶಯದ ಕಡೆಯ ತುದಿಯ ಕೋಶಗಳಲ್ಲಿ ಪಿ53 ಪ್ರೋಟೀನ್ ಬಣ್ಣ ಹಿಡಿದು ಗಾಢ ಕಂದಾಗಿ ತುಂಬಿರುವುದು ಕಂಡಿತು. ಕೋಶ ಹಾದಿ ತಪ್ಪದಂತೆ ಕಾಯುವ ಪ್ರೋಟೀನ್ ಅದು. ತಾನೇ ಕೆಟ್ಟಾಗ ಹೀಗೆ ಗುಡ್ಡೆ ಬೀಳುತ್ತದೆ. ಕೋಶಗಳ ಆಕಾರವೂ ಕೆಟ್ಟಿತ್ತು. ಅಂಡಾಶಯದ ಕ್ಯಾನ್ಸರ್ ಎಷ್ಟೋ ಸಲ ಮೊಳೆಯುವುದು ಇಲ್ಲಿಯೇ.

ಸಂಖ್ಯೆ ಬಿಡಿಸಿದರೆ, ಹೋಲಿಕೆ ಗುಂಪಿನ ಶರಣಮ್ಮ! ಪೆದ್ದಹರಿವಾಣಂನವಳು. ಗಡ್ಡೆಯೆಂದು ಗರ್ಭಕೋಶ, ನಾಳ ತೆಗೆದು ಅಂಡಾಶಯ ಉಳಿಸಿದ್ದರು. ನಮ್ಮಲ್ಲೇ ದಾಖಲಾಗಿದ್ದ ಅವಳ ಅತ್ತೆ ನಾಗಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಜೀನ್ ದೋಷವೂ ಸಿಕ್ಕಿತ್ತು. ಸೊಸೆಯದು ಬೇರೆ ರಕ್ತವೆಂದು ನಮ್ಮ ತಂಡ ಭಾವಿಸಿತ್ತು.

“ಸ್ಲೈಡ್ ಅದಲುಬದಲಾಗಿರಬೇಕು, ಬಿಡಿ” ಎಂದರು ಮುಖ್ಯಸ್ಥರು.

ಬಿಡಲಾಗದೆ ವಾರ್ಡಿಗೆ ಹೋದೆ. ಹೊಲಿಗೆ ಬಿಚ್ಚಿಸಿಕೊಂಡ ಶರಣಮ್ಮ ಊರಿಗೆ ಹೊರಡುವ ಮೊದಲು ನಾಗಮ್ಮನಿಗೆ ಉಣಿಸುತ್ತಿದ್ದಳು.

“ಅಜ್ಜಿ, ಇನ್ನೊಂದು ತುತ್ತು. ಹಟ ಮಾಡಬ್ಯಾಡ.”

“ಹಟಮಾರಿ ನೀನs. ಥೇಟ್ ನಿಮ್ಮವ್ವನಂಗ!”

ನಾನು ಕೇಳಿದೆ: “ಅತ್ತೆಗೆ ಅಜ್ಜಿ ಅಂತೀಯಲ್ಲಮ್ಮ?”

ಇಬ್ಬರೂ ನಕ್ಕರು. “ನಮ್ಮವ್ವನ ಅವ್ವರಿ ಈಕಿ. ನಾ ಸೋದರಮಾವನ್ನ ಮಾಡಿಕೊಂಡೀನಿ. ತಾಳಿ ಕಟ್ಟಿಸಿಕೊಂಡ್ರ ಅಜ್ಜಿ ಹೋಗಿ ಅತ್ತಿ ಆಗ್ತಾಳೇನ್ರಿ ಮೇಡಮ್ಮಾರ?”

“ನಿಮ್ಮವ್ವ ಎಲ್ಲಿದ್ದಾರೆ?”

ಶರಣಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. “ಹೊಟ್ಟಿ ಉಬ್ಬಿ ಹೋದಳ್ರಿ. ನಾ ಸಣ್ಣಾಕಿದ್ದೆ.”

ಹೊಟ್ಟೆ ಉಬ್ಬುವುದು ಅಂಡಾಶಯದ ಕ್ಯಾನ್ಸರಿನ ಲಕ್ಷಣವೂ ಹೌದು. ಅವಳನ್ನು ಅಂದು ಊರಿಗೆ ಕಳಿಸಲಿಲ್ಲ. ರಕ್ತಪರೀಕ್ಷೆಯಲ್ಲಿ ಅಜ್ಜಿಯದೇ ಜೀನ್ ದೋಷ ಕಂಡಿತು. ಇನ್ನೊಂದು ಆಪರೇಷನ್ ಆಗಿ ಅಂಡಾಶಯಗಳನ್ನು ತೆಗೆದರು. ಅವುಗಳನ್ನು ನಾನೇ ನೋಡಿದೆ, ಕ್ಯಾನ್ಸರ್ ಹರಡಿರಲಿಲ್ಲ. ಇದು ತಾಯಿಯಿಂದ ಮಕ್ಕಳಿಗೆ ಹರಿದು ಬರುವ ದೋಷವೆಂದು ವಿವರಿಸಿದಾಗ ಶರಣಮ್ಮ ಅಳಲಿಲ್ಲ. “ಆಸ್ಪರಿ ಊರಾಗ ನಮ್ಮಕ್ಕ ಅದಾಳ್ರಿ. ಆಕಿನ್ನೂ ನೋಡ್ತೀರೇನ್ರಿ?” ಎಂದಳು.

‘ಅಜ್ಜಿ’ ಎಂಬ ಆ ಒಂದು ಮಾತು ಕಿವಿಗೆ ಬೀಳದಿದ್ದರೆ ಅವಳು ಬಸ್ಸು ಹತ್ತಿ ಹೋಗಿರುತ್ತಿದ್ದಳು. ಮೈಕ್ರೋಸ್ಕೋಪಿನಲ್ಲಿ ರೋಗ ಕಾಣುತ್ತದೆ, ನಂಟು ಕಾಣುವುದಿಲ್ಲ. ಈಗ ಯಾವ ಹೆಣ್ಣುಮಗಳು ಬಂದರೂ, ಯಾರ ಮನೆಯ ಸೊಸೆ ಎನ್ನುವುದಕ್ಕಿಂತ ಮೊದಲು ಕೇಳುತ್ತೇನೆ: “ನೀನು ಯಾರ ಮಗಳವ್ವ?”