ಗಿರಿಜಾಂಬಾಗೆ ಸಿಕ್ಕ ನಿಕ್ಕಲ್

ರಾಜೀವನಗರದ ಆ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ನಡೆಸುವುದು ಹೆಂಗಸು ಅಂತ ಗೊತ್ತಾದರೆ ಹೊಸಬರು ಬಾಗಿಲಲ್ಲೇ ನಿಂತುಬಿಡುತ್ತಾರೆ. ನಿಲ್ಲಲಿ ಬಿಡಿ! ಗಿರಿಜಾಂಬಾಗೆ ತಿರುಗಿ ನೋಡಲೂ ಪುರುಸೊತ್ತಿಲ್ಲ. ಸೀರೆಯ ಮೇಲೆ ಗಂಡನ ಹಳೇ ಷರಟು, ಬಿಗಿದು ಕಟ್ಟಿದ ತುರುಬು, ಇಪ್ಪತ್ತೆರಡು ವರ್ಷದಿಂದ ಅದೇ ಲೇತು. ಕಲಿಸಿದವರು ಮಾವ ಚೆಲುವಯ್ಯ. ಎಪ್ಪತ್ತೆಂಟಾದರೂ ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಎದುರು ಗೋಡೆಯ ಮೇಲೆ ಅವರೇ ಬಣ್ಣದಲ್ಲಿ ಬರೆದ ಸೂತ್ರವಿದೆ: ‘ನಡುವೆ ನಿಲ್ಲಿಸು, ಮುಟ್ಟಿ ನೋಡು, ಮುಂದೆ ಹೋಗು.’

ಅಲ್ಯೂಮಿನಿಯಂಗೆ ಹೇಳಿ ಮಾಡಿಸಿದ ಸೂತ್ರ ಅದು. ಮೆತ್ತನೆ ಲೋಹ, ಕಡೆಯುವ ಟೂಲಿನ ಮೂತಿಗೆ ಮೆತ್ತಿಕೊಳ್ಳುತ್ತದೆ. ಆಗ ಟೂಲನ್ನು ಹಗುರವಾಗಿ ಆನಿಸಿಟ್ಟು, ಮೋಟರು ಆರಿಸಿ, ಒರೆಸಿ, ಹೆಬ್ಬೆರಳಾಡಿಸಿ ಮುಂದೆ ಹೋಗಬೇಕು. ಗಿರಿಜಾಂಬಾ ಮಾಡಿದ್ದೆಲ್ಲ ಅಲ್ಯೂಮಿನಿಯಂ ಕೆಲಸವೇ.

ಮೊನ್ನೆ ಬೆಳಗ್ಗೆ ಪಂಪು ಕಾರ್ಖಾನೆಯ ಸಿದ್ದೇಶ್ ಎರಡು ರಾಡು ತಂದಿಟ್ಟರು.

“ನಿಕ್ಕಲ್ ಮಿಶ್ರಲೋಹ ಮೇಡಮ್. ಉಪ್ಪುನೀರಿಗೂ ಜಗ್ಗಲ್ಲ, ಕೆಂಪಗೆ ಕಾದ್ರೂ ಬಲ ಬಿಡಲ್ಲ. ಇರೋದೇ ಎರಡು. ಒಂದಾದ್ರೂ ಪಂಪಿನ ಶಾಫ್ಟ್ ಆಗ್ಲೇಬೇಕು, ಸಂಜೆ ಐದಕ್ಕೆ ಬರ್ತೀನಿ. ‘ಆಯಮ್ಮಂದು ಅಲ್ಯೂಮಿನಿಯಂ ಕೈ, ಕೊಡ್ಬೇಡಿ’ ಅಂತ ನಮ್ಮಲ್ಲೇ ಕೆಲವರು ಹೇಳಿದ್ರು ಕಣ್ರೀ.”

“ಅಂಗಂದ್ರಾ? ಇಟ್ಟು ಹೋಗಿ.”

ಎಡಗೈಯಲ್ಲಿ ಅಷ್ಟೇ ಗಾತ್ರದ ಅಲ್ಯೂಮಿನಿಯಂ, ಬಲಗೈಯಲ್ಲಿ ಇದು. ಅಬ್ಬಬ್ಬಾ, ಮೂರು ಪಟ್ಟು ತೂಕ! ಇಂಥದ್ದು ಒಮ್ಮೆ ಕೈಗೆ ಸಿಗಲಿ ಅಂತ ಅವಳು ಎಷ್ಟು ವರ್ಷದಿಂದ ಕಾದಿದ್ದಳು! ಇದು ಕೆಟ್ಟರೆ ‘ಅಲ್ಯೂಮಿನಿಯಂ ಕೈ’ ಅನ್ನುವ ಮಾತು ಅವಳ ಹಣೆಗೇ ಅಂಟಿಕೊಳ್ಳುತ್ತದೆ.

ಮೊದಲ ರಾಡು ಕೆಟ್ಟೇ ಹೋಯಿತು. ಅರ್ಧದವರೆಗೆ ಚೆನ್ನಾಗೇ ಬಂತು. ಸೂತ್ರದಂತೆ ನಿಲ್ಲಿಸಿದಳು, ಮುಟ್ಟಿದಳು. ಮತ್ತೆ ಶುರು ಮಾಡಿದ್ದೇ ತಡ, ಟೂಲು ಕಿರ್ರೆಂದು ಜಾರಿ, ಕುಣಿದು, ಮೂತಿ ಮುರಿದುಕೊಂಡು ರಾಡಿನ ಮೇಲೆ ಆಳವಾಗಿ ಗೀಚಿಬಿಟ್ಟಿತು.

“ಮಾಡಿದ್ದೆಲ್ಲ ಸರಿಯಾಗೇ ಇದ್ಯಲ್ಲಮ್ಮ,” ಚೆಲುವಯ್ಯ ಕಕ್ಕಾಬಿಕ್ಕಿಯಾದರು.

ಗಿರಿಜಾಂಬಾಗೆ ಅಳು ಬಂತು, ಸಿಟ್ಟು ಅದಕ್ಕಿಂತ ಜಾಸ್ತಿ ಬಂತು. ಅರ ತಗೊಂಡು ಕೆಟ್ಟ ರಾಡನ್ನು ಉದ್ದಕ್ಕೂ ಉಜ್ಜಿದಳು. ಎಲ್ಲ ಕಡೆ ಅರ ಕಚ್ಚಿತು. ಒಂದೇ ಒಂದು ಜಾಗದಲ್ಲಿ ಜಾರಿತು, ಗಾಜಿನ ಮೇಲೆ ಜಾರಿದ ಹಾಗೆ. ಯಾವ ಜಾಗ? ಟೂಲನ್ನು ಆನಿಸಿ ನಿಲ್ಲಿಸಿದ್ದ ಜಾಗ! ಅಯ್ಯೋ ಶಿವನೇ! ಟೂಲು ಕಡಿಯದೆ ಸುಮ್ಮನೆ ಸವರಿದರೆ ಈ ಲೋಹ ಅಲ್ಲೇ ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂಗೆ ಉಪಚಾರವಾದದ್ದು ಇದಕ್ಕೆ ಅಪಚಾರ.

ಕೆಟ್ಟ ರಾಡನ್ನು ತಿರುಗಿಸಿ ಕಟ್ಟಿ, ಇನ್ನೊಂದು ತುದಿಯಲ್ಲಿ ಪರೀಕ್ಷೆ ಮಾಡಿದಳು. ಲೇತಿನ ವೇಗ ಇಳಿಸಿ, ಸವರದೆ ಕಚ್ಚುವಂತೆ ಟೂಲನ್ನು ಆಳಕ್ಕೆ ಇಳಿಸಿ, ನೀರು ಸುರಿಯುತ್ತಾ, ಎಲ್ಲೂ ನಿಲ್ಲದೆ ಹೋದಳು. ಟೂಲು ಜಾರದೆ ಕಡಿಯಿತು! ಗಂಟೆ ಆಗಲೇ ನಾಲ್ಕು.

ಎರಡನೇ ರಾಡು ಕಟ್ಟಿದಳು. ಟೂಲು ಇಳಿಯಿತು, ಲೇತಿನ ಓಟಕ್ಕೆ ತಾನಾಗೇ ಮುಂದೆ ಸರಿಯಿತು. ಬಿಸಿ ತಂತಿಯಂತೆ ಸುರುಳಿ ಹೊರಬರತೊಡಗಿತು. ಕಾಲುಭಾಗ ಆಯಿತು, ಅರ್ಧ ಆಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಡುತ್ತದೆಯೇ? ಬಲಗೈ ತಾನಾಗಿಯೇ ಲೇತ್ ನಿಲ್ಲಿಸುವ ಹ್ಯಾಂಡಲಿನ ಕಡೆ ಹೊರಟಿತು. ಹಿಂದಿನಿಂದ ಮಾವನ ದನಿಯೂ ಬಂತು.

“ನಿಲ್ಸು ಕಣಮ್ಮ! ಒಂದ್ಸಲ ಮುಟ್ಟಿ ನೋಡ್ಬುಡು!”

ಮಾವನ ಮಾತಿಗೆ ಎದುರಾಡಿದವಳಲ್ಲ ಗಿರಿಜಾಂಬಾ. ಈ ಸಲ ಮಾತ್ರ ಕೈ ಹಿಂದಕ್ಕೆಳೆದು ಸೊಂಟದ ಹಿಂದೆ ಕಟ್ಟಿಕೊಂಡಳು.

“ನಿಲ್ಸಕ್ಕಾಗಲ್ಲ ಮಾವ! ನಿಂತ್ರೆ ಕೆಡುತ್ತೆ!”

ಚೆಲುವಯ್ಯ ಸ್ಟೂಲಿನಿಂದ ಎದ್ದೇ ಬಿಟ್ಟರು. ಅಷ್ಟರಲ್ಲಿ ಟೂಲು ಕೊನೆ ಮುಟ್ಟಿ ಹೊರಬಂತು.

ಐದಕ್ಕೆ ಸಿದ್ದೇಶ್ ಬಂದು ಮೂರು ಸಲ ಅಳತೆ ಹಿಡಿದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

“ಮೇಡಮ್, ನಿಕ್ಕಲ್ ಕೆಲಸ ಇನ್ಮೇಲೆ ಇಲ್ಲಿಗೇ ತರ್ತೀನಿ. ಯಾರು ಕಲಿಸಿದ್ದು ನಿಮ್ಗೆ?”

“ನಮ್ಮ ಮಾವನೋರು,” ಅಂದಳು ಗಿರಿಜಾಂಬಾ, ಒಂದು ಕ್ಷಣವೂ ಯೋಚಿಸದೆ.

ಚೆಲುವಯ್ಯ ಸೀಮೆಸುಣ್ಣ ಹುಡುಕಿ, ಸ್ಟೂಲನ್ನು ಗೋಡೆಯ ಹತ್ತಿರ ಎಳೆದುಕೊಂಡು, ಸೊಸೆಯ ಭುಜ ಹಿಡಿದು ಹತ್ತಿದರು. ತಮ್ಮ ಸೂತ್ರದ ಕೆಳಗೆ ಬರೆದರು: ‘ಅಲ್ಯೂಮಿನಿಯಂಗೆ ಮಾತ್ರ. ನಿಕ್ಕಲ್‌ಗೆ ಗಿರಿಜಾಂಬಾನ್ನ ಕೇಳಿ.’