ಖಾಲಿ ಉಳಿದ ಮೂರು ವಾರ

ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ ಡಬ್ಬಿ ಒಯ್ಯುವುದು ಎನ್ನುತ್ತೇನೆ. ಕೋಲ್ಕತ್ತದ ಮೂರು ಆಸ್ಪತ್ರೆಗಳಲ್ಲಿ ಜ್ವರ, ಕೆಮ್ಮು ಎಂದು ಬಂದವರಲ್ಲಿ ಕೆಲವರ ಮೂಗು, ಗಂಟಲಿನೊಳಗೆ ಹತ್ತಿಕಡ್ಡಿ ಆಡಿಸಿ, ಆ ಕಡ್ಡಿಯನ್ನು ಗುಲಾಬಿ ಬಣ್ಣದ ನೀರಿರುವ ಸಣ್ಣ ಟ್ಯೂಬಿಗೆ ಹಾಕಿ ಇಟ್ಟಿರುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ನಾನು ಅವನ್ನು ಐಸ್ ಪ್ಯಾಕ್ ಜೋಡಿಸಿದ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸುತ್ತೇನೆ. ಊರಿನಲ್ಲಿ ಯಾವ ಫ್ಲೂ ಓಡಾಡುತ್ತಿದೆ ಎಂದು ಅಲ್ಲಿ ನೋಡುತ್ತಾರೆ. ವಾರದ ವರದಿ ದೆಹಲಿಗೆ ಹೋಗುತ್ತದೆ. ಇಂಥ ವರದಿಗಳು ಬೇರೆ ಬೇರೆ ದೇಶಗಳಿಂದ ಒಂದೆಡೆ ಸೇರಿ, ಮುಂದಿನ ಲಸಿಕೆ ಹೇಗಿರಬೇಕು ಎಂಬುದು ತೀರ್ಮಾನವಾಗುತ್ತದಂತೆ. ಮೂಗು ಕೊಟ್ಟವನಿಗೆ ಇದರಿಂದ ಏನೂ ಇಲ್ಲ. ಅವನು ಮಾತ್ರೆ ತೆಗೆದುಕೊಂಡು ಮನೆಗೆ ಹೋಗುತ್ತಾನೆ.

ಹದಿನಾಲ್ಕು ವರ್ಷದಿಂದ ಒಯ್ಯುತ್ತಿದ್ದೇನೆ. ಒಂದು ಟ್ಯೂಬೂ ಒಡೆದಿಲ್ಲ, ಒಂದೂ ಬಿಸಿಯಾಗಿಲ್ಲ. ಧಾರವಾಡದ ಹತ್ತಿರದ ನಮ್ಮೂರಿನಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ರೈಲ್ವೆಯಲ್ಲಿದ್ದ ಸೋದರಮಾವನ ಹಿಂದೆ ಇಲ್ಲಿಗೆ ಬಂದೆ. ಬಂಗಾಳಿ ಕಲಿತದ್ದು ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ. ಬಂಗಾಳಿಗಳೇ ನನ್ನನ್ನು ತಮ್ಮವನು ಎಂದುಕೊಳ್ಳುವಷ್ಟು ಚೆನ್ನಾಗಿ ಮಾತಾಡುತ್ತೇನೆ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಒಂದು ವರ್ಷ ಆದ ಎಡವಟ್ಟು ನನ್ನ ಬಂಗಾಳಿಯಿಂದಲೇ.

ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಎಲ್ಲವೂ ಇತ್ತು. ಹೊರದೇಶದ ನೆರವಿನಿಂದ ಜೀಪು ಬಂತು, ಡ್ರೈವರು ಬಂದ, ಆಸ್ಪತ್ರೆಗೊಬ್ಬರಂತೆ ಕಂಪ್ಯೂಟರಿನವರು ಬಂದರು. ನೆರವಿನ ಅವಧಿ ಮುಗಿದ ಮೇಲೆ, ಇನ್ನು ನೀವೇ ನಡೆಸಿಕೊಳ್ಳಿ ಎಂದು ಹೇಳಿ ಕೈಬಿಟ್ಟರು. ಜೀಪು ಬೇರೆ ಇಲಾಖೆಗೆ ಹೋಯಿತು. ನಾನು ನನ್ನ ಸ್ಕೂಟರಿಗೆ ಡಬ್ಬಿ ಕಟ್ಟಿಕೊಂಡೆ. ಫ್ರೀಜರ್ ಕೆಟ್ಟರೆ ರಿಪೇರಿಯವರು ಬರುವ ತನಕ ಪಕ್ಕದ ವಿಭಾಗದ ಫ್ರೀಜರಿನಲ್ಲಿ ಒಂದು ಮೂಲೆ ಕೇಳಿಕೊಂಡು ಇಡುತ್ತಿದ್ದೆವು. ಐದು ಆಸ್ಪತ್ರೆಗಳು ಮೂರಾದವು. ಕಂಪ್ಯೂಟರಿನವರ ಜಾಗ ತುಂಬಲಿಲ್ಲವಾದ್ದರಿಂದ ಅವರು ನೋಡಿಕೊಳ್ಳುತ್ತಿದ್ದ ಟ್ಯೂಬಿನ ಪುಸ್ತಕ ನನ್ನ ಕೈಗೆ ಬಂತು. ಸೋಮವಾರ ಮೂರೂ ಆಸ್ಪತ್ರೆಗಳಿಗೆ ಫೋನ್ ಮಾಡಿ, ಯಾರಲ್ಲಿ ಎಷ್ಟು ಖಾಲಿ ಟ್ಯೂಬು ಉಳಿದಿದೆ ಎಂದು ಬರೆದುಕೊಂಡು, ಬಂದ ಹೊಸ ಟ್ಯೂಬುಗಳನ್ನು ಹಂಚಬೇಕು. ಬರುತ್ತಿದ್ದದ್ದೇ ಕಡಿಮೆ. ಆ ಗುಲಾಬಿ ನೀರಿಗೂ ಅವಧಿ ಇದೆ. ಒಂದು ಕಡೆ ಬಿದ್ದಿರಲು ಬಿಟ್ಟರೆ ಹಾಳು.

ಪುಸ್ತಕ ಸಿಕ್ಕ ದಿನ ಅದಕ್ಕೆ ಕಂದು ಕಾಗದದ ರಟ್ಟು ಹಾಕಿ, ಸ್ಕೇಲು ಹಿಡಿದು ಗೆರೆ ಎಳೆದೆ. ನನ್ನ ಅಕ್ಷರ ದುಂಡಗಿದೆ.

ಮೂರನೆಯ ಆಸ್ಪತ್ರೆ ಜಾದವ್‌ಪುರ ದಾಟಿ ಹಳಿಯ ಆಚೆ ಇರುವ ಚಿಕ್ಕದು. ದಕ್ಷಿಣದ ಹಳ್ಳಿಗಳಿಂದ ಲೋಕಲ್ ರೈಲಿನಲ್ಲಿ ಬರುವವರು ಮೊದಲು ಇಳಿದು ತೋರಿಸಿಕೊಳ್ಳುವುದು ಅಲ್ಲೇ. ಆ ಕಡೆಯ ಜ್ವರದ ಸುದ್ದಿ ನಮಗೆ ತಿಳಿಯಲು ಬೇರೆ ದಾರಿ ಇಲ್ಲ. ಅಲ್ಲಿದ್ದ ಹಳೆಯ ಸಿಸ್ಟರ್ ನಿವೃತ್ತರಾಗಿ ಹೊಸಬರು ಬಂದಿದ್ದರು. ಅವರಿಗೆ ನಾನು ಮಾಡಿದ ಮೊದಲ ಫೋನು ಇಷ್ಟೇ.

“ದೀದಿ, ಖಾಲಿ ಟ್ಯೂಬು ಎಷ್ಟಿವೆ?”

“ಟ್ಯೂಬ್ ಬಾಡೊಂತೊ, ದಾದಾ.”

ಸಂತೆಯಲ್ಲಿ ‘ದಾಮ್ ಬಾಡ್‌ಛೆ’ ಎಂದರೆ ಬೆಲೆ ಏರುತ್ತಿದೆ ಎಂದು ಅರ್ಥ. ಹಾಗಿದ್ದರೆ ಬಾಡೊಂತೊ ಎಂದರೆ ಹೆಚ್ಚಾಗಿರುವುದು. ಹಳೆಯ ಸಿಸ್ಟರ್ ಬಿಟ್ಟುಹೋದವು ಬಹಳ ಇರಬೇಕು ಎಂದುಕೊಂಡೆ. “ಭಾಲೋ, ಭಾಲೋ” ಎಂದು ಫೋನ್ ಇಟ್ಟು, ಪುಸ್ತಕದಲ್ಲಿ ‘ಹೆಚ್ಚಾಗಿವೆ’ ಎಂದು ಬರೆದೆ. ಅವರ ಪಾಲಿನ ಟ್ಯೂಬುಗಳನ್ನು ಉಳಿದೆರಡರಲ್ಲಿ ದೊಡ್ಡ ಆಸ್ಪತ್ರೆಗೆ ಕೊಟ್ಟೆ. ಆ ವಾರ ಸ್ಯಾಂಪಲ್ ಇಲ್ಲ ಎಂದು ಅವರಿಂದ ಮೆಸೇಜು ಬಂತು. ಇಲ್ಲ ಎಂದಮೇಲೆ ಅಷ್ಟು ದೂರ ಸ್ಕೂಟರು ಓಡಿಸುವುದೇಕೆ ಎಂದು ನಾನು ಹೋಗಲಿಲ್ಲ. ಎರಡನೆಯ ಸೋಮವಾರ ಅದೇ ಪ್ರಶ್ನೆ, ಅದೇ ಉತ್ತರ, ಆಮೇಲೆ ಅದೇ ಮೆಸೇಜು. ಮೂರನೆಯದರಲ್ಲಿ ಅವರ ದನಿ ಸ್ವಲ್ಪ ಬಿರುಸಾಗಿತ್ತು. ಕೆಲಸ ಮಾಡದವರಿಗೆ ಸಿಟ್ಟು ಜಾಸ್ತಿ ಎಂದುಕೊಂಡೆ.

ಪ್ರಯೋಗಾಲಯದಲ್ಲಿ ವಾರದ ವರದಿ ತಯಾರಿಸುವವರು ಬೆಂಗಳೂರಿನ ಒಬ್ಬ ಹುಡುಗಿ, ವಿಜ್ಞಾನಿ. ನಾನು ಅವರಿಗೆ ಮೇಡಂ ಎನ್ನುತ್ತೇನೆ, ಅವರು ನನಗೆ ಅಣ್ಣ ಎನ್ನುತ್ತಾರೆ. ಮೂರನೆಯ ಶುಕ್ರವಾರ ನನ್ನನ್ನು ಕರೆದು ಕಂಪ್ಯೂಟರು ತೋರಿಸಿದರು.

“ಅಣ್ಣ, ಜಾದವ್‌ಪುರದ ಕಡೇದು ಮೂರು ವಾರದಿಂದ ಖಾಲಿ ಇದೆ ನೋಡಿ. ಮುಂದಿನ ವಾರ ದೆಹಲಿಯಿಂದ ಸಾಹೇಬ್ರು ಬರ್ತಾರೆ. ಹಿಂಗೇ ಇದ್ರೆ ಪಟ್ಟಿಯಿಂದ ತೆಗೆದುಬಿಡ್ತಾರೆ.”

“ಸೊನ್ನಿ ಹಾಕಿಬಿಡ್ರಿ ಮೇಡಂ.”

“ಸೊನ್ನೆ ಅಂದ್ರೆ ನೋಡಿದ್ವಿ, ಯಾರೂ ಸಿಗ್ಲಿಲ್ಲ ಅಂತ. ಖಾಲಿ ಅಂದ್ರೆ ನೋಡೇ ಇಲ್ಲ ಅಂತ. ಎರಡೂ ಒಂದೇನಾ?”

“ಹಂಗಾರ ಆ ಹೊಸ ಸಿಸ್ಟರ್ ನೋಡೇ ಇಲ್ಲ ಅಂತ ಬರೀರಿ. ಟ್ಯೂಬು ರಾಶಿ ಬಿದ್ದಾವ ಅಲ್ಲೆ. ತಗೊಳ್ಳಾಕ ಮನಸ್ಸಿಲ್ಲ ಅವರಿಗೆ.”

ಸಿಸ್ಟರ್ ಸಹಕರಿಸುತ್ತಿಲ್ಲ ಎಂದು ಅವರು ನನ್ನ ಮಾತಿನ ಮೇಲೆ ಟಿಪ್ಪಣಿ ಟೈಪ್ ಮಾಡಿದರು. ಪಟ್ಟಿಯಿಂದ ತೆಗೆಯಲು ಒಂದು ಸಹಿ ಸಾಕು. ತೆಗೆದದ್ದು ಮತ್ತೆ ಸೇರಿದ್ದನ್ನು ಹದಿನಾಲ್ಕು ವರ್ಷದಲ್ಲಿ ನಾನು ಕಂಡಿಲ್ಲ.

ಭಾನುವಾರ ಹೆಂಡತಿ ಲೇಕ್ ಮಾರ್ಕೆಟ್ಟಿನಿಂದ ತಂದ ಕರಿಬೇವು ಬಿಡಿಸುತ್ತ ಕೂತಿದ್ದಳು. ಊಟ ಮಾಡುತ್ತ ನಾನು ಸಿಸ್ಟರ್ ವಿಷಯ ಎತ್ತಿದೆ.

“ಟ್ಯೂಬ್ ಬಾಡೊಂತೊ, ಬಾಡೊಂತೊ ಅಂತಾಳ. ಒಂದ ಸ್ಯಾಂಪಲ್ ಕೊಡೂದಿಲ್ಲ.”

ಅವಳ ಕೈ ನಿಂತಿತು. “ಏನಂತಾಳ?”

“ಬಾಡೊಂತೊ. ಹೆಚ್ಚಾಗ್ಯಾವ ಅಂತ.”

“ಹೆಚ್ಚಾಗ್ಯಾವ ಅಂತ ನಿಮಗ ಯಾರ ಹೇಳಿದ್ರು? ಮುಗದಾವ ಅಂತ ಅದು.”

“ಮೂವತ್ತು ವರ್ಷಾತು ಈ ಊರಿಗೆ ಬಂದು. ನನಗ ಬಂಗಾಳಿ ಕಲಸಬ್ಯಾಡ.”

“ಆ ಮೂವತ್ತು ವರ್ಷದಾಗ ಅಡಗಿಮನಿಗೆ ಎಷ್ಟ ಸಲ ಬಂದೀರಿ? ಕೆಳಗಿನ ಮನಿ ಮಾಶಿಮಾ ಬಟ್ಟಲಾ ಹಿಡಕೊಂಡು ಬಂದು ‘ಚಾಲ್ ಬಾಡೊಂತೊ’ ಅಂತಾರ. ಅಕ್ಕಿ ಹೆಚ್ಚಾಗ್ಯದ, ತಗೋರಿ ಅಂತ ಕೊಡಾಕ ಬಂದಿರ್ತಾರೇನು? ಇಸ್ಕೊಳ್ಳಾಕ ಬಂದಿರ್ತಾರ. ಮನ್ಯಾಗ ಇಲ್ಲ ಅನ್ನಬಾರ್ದು ಅಂತ ಹಂಗಂತಾರ. ನಾವು ದೀಪಾ ಆರಸು ಅಂತೀವೇನು? ದೊಡ್ಡದ ಮಾಡು ಅಂತೀವಿ.”

ದೀಪ ಆರಿಸಿದೆ ಎಂದದ್ದಕ್ಕೆ ಅವ್ವ ಒಮ್ಮೆ ನನ್ನ ತಲೆಗೆ ಮೊಟಕಿದ್ದಳು. ನಾನು ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದೆ.

ಸೋಮವಾರ ಫೋನ್ ಮಾಡದೆ ಆಸ್ಪತ್ರೆಗೇ ಹೋದೆ. ಹೊಸ ಸಿಸ್ಟರನ್ನು ನಾನು ನೋಡಿದ್ದು ಆಗಲೇ. ವಯಸ್ಸು ನನ್ನ ಹೆಂಡತಿಯಷ್ಟಿರಬಹುದು. ನಾನು ಯಾರೆಂದು ಹೇಳಿದ ಕೂಡಲೇ ಕಪಾಟು ತೆರೆದರು. ಹತ್ತಿಕಡ್ಡಿಯ ಪೊಟ್ಟಣಗಳು ಮೇಲಿನವರೆಗೆ ಇದ್ದವು. ಟ್ಯೂಬಿನ ಸ್ಟ್ಯಾಂಡಿನಲ್ಲಿ ಬರೀ ತೂತುಗಳು.

“ಮೂರು ಸಲ ಹೇಳಿದೆ ದಾದಾ,” ಎಂದರು ಬಂಗಾಳಿಯಲ್ಲಿ. “ಮೂರು ಸಲವೂ ನೀವು ಭಾಲೋ, ಭಾಲೋ ಅಂದ್ರಿ. ಇದೆಂಥಾ ಮನುಷ್ಯನಪ್ಪ, ಮುಗೀತು ಅಂದ್ರೆ ಒಳ್ಳೇದು ಅಂತಾನೆ ಅಂತ ವಾರ್ಡಿನವರೆಲ್ಲ ನಕ್ಕಿದ್ದಾರೆ.”

“ಇಲ್ಲ ಅಂತ ನೇರವಾಗಿ ಹೇಳಬಾರದಿತ್ತೇ?”

“ಮಂಗಳವಾರ, ಶುಕ್ರವಾರ ಬರುವವರಂತೆ ನೀವು. ಬಂದು ನೋಡಬಾರದಿತ್ತೇ?”

ಅವರು ಮೇಜಿನ ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದರು. ಮೂರು ವಾರವೂ ಬಂದ ಜ್ವರ, ಕೆಮ್ಮಿನವರಲ್ಲಿ ಯಾರು ಸ್ಯಾಂಪಲ್ ಕೊಡಲು ಸರಿಹೊಂದುತ್ತಿದ್ದರು, ವಯಸ್ಸೆಷ್ಟು, ಜ್ವರ ಬಂದು ಎಷ್ಟು ದಿನ, ಎಲ್ಲ ಬರೆದಿಟ್ಟಿದ್ದರು. ಟ್ಯೂಬಿಲ್ಲದೆ ಇದು ಯಾಕೆ ಎಂದು ಕೇಳಿದೆ.

“ಟ್ಯೂಬು ಇಲ್ಲ ಅಂತ ಜನ ಕೆಮ್ಮೋದು ನಿಲ್ಲಿಸ್ತಾರಾ?”

ಹೊರಗೆ ಬಂದು ಸ್ಕೂಟರು ಹತ್ತಿದೆ. ಪ್ರಯೋಗಾಲಯದಲ್ಲಿ ನನ್ನ ತಪ್ಪು ಯಾರಿಗೂ ಗೊತ್ತಿರಲಿಲ್ಲ. ಮರುದಿನ ಟ್ಯೂಬು ತಂದುಕೊಟ್ಟು ಸುಮ್ಮನಿದ್ದರೆ ಸಿಸ್ಟರಿಗೂ ಸಮಾಧಾನವಾಗುತ್ತಿತ್ತು. ಆ ಟಿಪ್ಪಣಿಯನ್ನು ಅವರು ಎಂದೂ ಓದುವವರಲ್ಲ. ಆದರೆ ಅದನ್ನು ಓದುವ ದೆಹಲಿಯ ಸಾಹೇಬರು ಆಸ್ಪತ್ರೆಯನ್ನು ಪಟ್ಟಿಯಲ್ಲಿ ಉಳಿಸುವವರೂ ಅಲ್ಲ.

ಮೇಡಂಗೆ ಎಲ್ಲ ಹೇಳಿದೆ. ಅವರು ನಗು ತಡೆಯಲು ನೋಡಿ ಆಗದೆ, ಆ ಕಡೆ ತಿರುಗಿ ನಕ್ಕರು.

“ಸಾರಿ ಅಣ್ಣ. ಬರೆದುಕೊಡ್ತೀರಾ? ದೆಹಲಿಯವ್ರ ಮುಂದೆ ಬಾಯಿಮಾತು ನಡೆಯಲ್ಲ.”

“ಬರಿತೀನ್ರಿ. ಕನ್ನಡದಾಗ ಬರಿತೀನಿ, ನೀವು ಇಂಗ್ಲಿಷ್ ಮಾಡ್ರಿ.”

“ಪುಸ್ತಕ ನಿಮ್ಮ ಕೈಯಿಂದ ಹೋಗ್ಬೋದು ಅಣ್ಣ.”

“ಗೊತ್ತೈತ್ರಿ.”

ಒಂದು ಪುಟ ಬರೆದೆ. ಫೋನಿನಲ್ಲಿ ಏನು ಕೇಳಿದೆ, ಏನು ತಿಳಿದುಕೊಂಡೆ, ಯಾರ ಪಾಲಿನ ಟ್ಯೂಬು ಯಾರಿಗೆ ಕೊಟ್ಟೆ, ಸಿಸ್ಟರ ನೋಟ್‌ಬುಕ್ಕಿನಲ್ಲಿ ಏನಿದೆ, ಇಷ್ಟೇ. ಸಿಸ್ಟರ ಮೇಲಿನ ಟಿಪ್ಪಣಿಯನ್ನು ಮೇಡಂ ನನ್ನೆದುರೇ ಅಳಿಸಿದರು. ಮರುದಿನ ಸಿಸ್ಟರಿಗೆ ಟ್ಯೂಬು ಕೊಟ್ಟು, ಆ ನೋಟ್‌ಬುಕ್ಕನ್ನು ಕೇಳಿ ತಂದೆ.

ದೆಹಲಿಯ ಅಧಿಕಾರಿ ಗುರುವಾರ ಬಂದರು. ನನ್ನ ಪುಟದ ಇಂಗ್ಲಿಷನ್ನು ಎರಡು ಸಲ ಓದಿ, ನನ್ನನ್ನು ಒಳಗೆ ಕರೆಸಿ, ಹಿಂದಿಯಲ್ಲಿ ಕೇಳಿದರು.

“ಎಷ್ಟು ಎಂಬ ಕಾಲಮ್ಮಿನಲ್ಲಿ ಮಾತು ಬರೆದಿದ್ದೀರಿ. ಸಂಖ್ಯೆ ಯಾಕೆ ಕೇಳಲಿಲ್ಲ?”

“ಕೇಳಿದೆ ಸರ್. ಉತ್ತರ ಮಾತಿನಲ್ಲಿ ಬಂತು. ಅರ್ಥವಾಯಿತು ಎಂದುಕೊಂಡೆ.”

ಅವರು ಸಿಸ್ಟರ ನೋಟ್‌ಬುಕ್ ತಿರುವಿ ಹಾಕುತ್ತ ಹೋದರು. ಮಧ್ಯೆ ಒಂದು ಪುಟದಲ್ಲಿ ನಿಂತು, ಇದನ್ನು ಬರೆದಿಡಿ ಎಂದು ಯಾರು ಹೇಳಿದ್ದು ಎಂದು ಕೇಳಿದರು. ಯಾರೂ ಹೇಳಿಲ್ಲ ಎಂದೆ. ಸಂಜೆಯ ಹೊತ್ತಿಗೆ ಆಸ್ಪತ್ರೆಯನ್ನು ಪಟ್ಟಿಯಲ್ಲಿ ಇನ್ನೊಂದು ವರ್ಷ ಮುಂದುವರಿಸಲು ಸಹಿ ಆಯಿತು. ಟ್ಯೂಬಿನ ಪುಸ್ತಕ ಮೇಡಂ ಹೆಸರಿಗೆ ಹೋಯಿತು. ಕಂದು ರಟ್ಟು ಹಾಕಿದ್ದು ಹಾಗೇ ಕೊಟ್ಟೆ. ಅವರು ಈಗ ಅದನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ, ಎಷ್ಟು ಎಂಬ ಕಾಲಮ್ಮಿನಲ್ಲಿ ಅಂಕಿ ಬಿಟ್ಟು ಬೇರೇನೂ ಕೂರುವುದಿಲ್ಲ.

ವರದಿಯಲ್ಲಿ ಆ ಮೂರು ವಾರ ಖಾಲಿಯೇ ಉಳಿದಿವೆ, ಅವನ್ನು ಈಗ ಯಾರೂ ತುಂಬಲಾಗದು. ಕೆಳಗೆ ಒಂದು ಸಾಲು ಸೇರಿಸಿದ್ದಾರೆ: ಟ್ಯೂಬು ಸರಬರಾಜಿನಲ್ಲಿ ತಪ್ಪಾಗಿತ್ತು, ಆಸ್ಪತ್ರೆಯದಲ್ಲ. ತಪ್ಪು ಮಾಡಿದವನ ಹೆಸರನ್ನೂ ಹಾಕಿ ಎಂದು ನಾನು ಹೇಳಿದೆ. ಅದಕ್ಕೆ ಜಾಗವಿಲ್ಲ ಅಣ್ಣ ಎಂದರು ಮೇಡಂ.